ಎಮ್ಯುಲೇಟರ್‌ನಲ್ಲಿ ಓಡಿದರೆ ಸಾಲದು, ಡೀಬಗ್ಗರ್ ತೆರೆದು ನೋಡಬೇಕು

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ಹಳೆಯ ಗೇಮ್ ಕನ್ಸೋಲ್‌ಗಳಿಗೆ ಇಂದಿಗೂ ಹೊಸ ಆಟ ಬರೆಯುತ್ತಿರುವವರ ಬಗ್ಗೆ ತಮ್ಮ ವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರ ಬಿಡಿಸುವವರನ್ನೂ ಸಂಗೀತ ಕೂಡಿಸುವವರನ್ನೂ ಲೇಖಕರು ಪ್ರೀತಿಯಿಂದ ನೆನೆದಿದ್ದಾರೆ. ಆದರೆ ಕೋಡ್ ಬರೆಯುವ ವಿಷಯಕ್ಕೆ ಬಂದಾಗ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ: ಈಗ ಎಮ್ಯುಲೇಟರ್‌ಗಳಿವೆ (ಹಳೆಯ ಯಂತ್ರವನ್ನು ಕಂಪ್ಯೂಟರ್‌ನಲ್ಲಿ ಅನುಕರಿಸುವ ಪ್ರೋಗ್ರಾಮ್‌ಗಳು), ಅದರಲ್ಲಿ ಆಟ ಓಡಿದರೆ ಕೆಲಸ ಮುಗಿದಂತೆ ಎಂದು. ಆ ವಾಕ್ಯ ತಪ್ಪು. ಅದನ್ನು ನಂಬಿ ಕೆಲಸಕ್ಕಿಳಿದವರು ಕಾರ್ಟ್ರಿಜ್ ತಯಾರಾದ ಮೇಲೆ ತಲೆಮೇಲೆ ಕೈಹೊತ್ತು ಕೂತದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ, ತಾಳ್ಮೆಯಿಂದ ಓದಬೇಕು.

ನಾನು ವೃತ್ತಿಯಿಂದ ಎಂಬೆಡೆಡ್ ಪ್ರೋಗ್ರಾಮರ್, ಅಂದರೆ ಉಪಕರಣಗಳೊಳಗಿನ ಚಿಪ್‌ಗಳಿಗೆ ಪ್ರೋಗ್ರಾಮ್ ಬರೆಯುವುದು ನನ್ನ ಕೆಲಸ. ಬಿಡುವಿನಲ್ಲಿ ನಿಂಟೆಂಡೊ ಕಂಪನಿಯ ಹಳೆಯ ಕನ್ಸೋಲ್‌ಗಳಾದ ಎನ್‌ಇಎಸ್ ಮತ್ತು ಗೇಮ್ ಬಾಯ್‌ಗೆ ಅಸೆಂಬ್ಲಿಯಲ್ಲಿ (ಚಿಪ್ಪಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಭಾಷೆಯಲ್ಲಿ) ಆಟ ಬರೆಯುತ್ತೇನೆ. ನಾನು ಬರೆದದ್ದಕ್ಕಿಂತ ಬೇರೆಯವರು ಬರೆದದ್ದನ್ನು ಪರೀಕ್ಷಿಸಿ ಕೊಟ್ಟದ್ದೇ ಹೆಚ್ಚು. ಒಬ್ಬರು, ಇಬ್ಬರು ಸೇರಿ ಮಾಡಿದ ಆಟ ಕಾರ್ಟ್ರಿಜ್‌ಗೆ ಹೋಗುವ ಮುಂಚೆ ನನ್ನ ಬಳಿ ಬರುತ್ತದೆ. ಮೊದಲು ಡೀಬಗ್ಗರ್‌ನಲ್ಲಿ (ಪ್ರೋಗ್ರಾಮನ್ನು ನಡುವೆ ನಿಲ್ಲಿಸಿ ಒಳಗನ್ನು ನೋಡುವ ಸಲಕರಣೆಯಲ್ಲಿ), ಆಮೇಲೆ ನಿಜವಾದ ಯಂತ್ರದಲ್ಲಿ ಓಡಿಸಿ, ಎಲ್ಲಿ ಯಾಕೆ ಕೆಡುತ್ತಿದೆ ಎಂದು ಬರೆದು ಕಳಿಸುತ್ತೇನೆ. ಈ ಕೆಲಸದಿಂದ ನನಗೆ ಮನದಟ್ಟಾದ ಮಾತು ಒಂದಿದೆ. ಆಡುವವರಿಗೆ ಬೇಕಾದ ಎಮ್ಯುಲೇಟರ್ ಕ್ಷಮಿಸುವಂಥದ್ದಾಗಿರಬೇಕು, ಬರೆಯುವವರಿಗೆ ಬೇಕಾದದ್ದು ಯಾವುದನ್ನೂ ಕ್ಷಮಿಸಬಾರದು. ತಮ್ಮ ಲೇಖಕರು ಈ ಎರಡನ್ನೂ ಒಂದೇ ಎಂದು ತಿಳಿದಿದ್ದಾರೆ.

1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂದು ಬಂದ, ಮುಂದೆ ಎನ್‌ಇಎಸ್ ಎಂದು ಹೆಸರಾದ ಯಂತ್ರವನ್ನೇ ತೆಗೆದುಕೊಳ್ಳಿ. ಅದರೊಳಗಿನ ರ್‍ಯಾಮ್ 2 ಕಿಲೋಬೈಟ್, ಅಂದರೆ 2048 ಬೈಟ್‌ಗಳಷ್ಟೆ. ಸ್ವಿಚ್ ಹಾಕಿದಾಗ ಆ 2048 ಜಾಗಗಳಲ್ಲಿ ಏನಿರುತ್ತದೆ ಎಂದು ಯಾರೂ ಭರವಸೆ ಕೊಟ್ಟಿಲ್ಲ. ಒಂದೊಂದು ಯಂತ್ರದಲ್ಲಿ ಒಂದೊಂದು ಬಗೆಯ ಕಸ ಇರುತ್ತದೆ. ಎಮ್ಯುಲೇಟರ್‌ನಲ್ಲಾದರೆ ಸಾಮಾನ್ಯವಾಗಿ ಎಲ್ಲ ಸೊನ್ನೆ ಅಥವಾ ಪ್ರತಿ ಸಲವೂ ಒಂದೇ ಮಾದರಿ. ಇಬ್ಬರು ಗೆಳೆಯರು ಸೇರಿ ಬರೆದ ಓಡುವ, ನೆಗೆಯುವ ಆಟವೊಂದು ನನ್ನ ಬಳಿ ಬಂದಿತ್ತು. ಅವರ ಕಂಪ್ಯೂಟರ್‌ನಲ್ಲಿ ಎಲ್ಲ ಸರಿ. ಒಬ್ಬರ ಕನ್ಸೋಲ್‌ನಲ್ಲೂ ಸರಿ. ಇನ್ನೊಬ್ಬರ ಕನ್ಸೋಲ್‌ನಲ್ಲಿ ಮಾತ್ರ ಆಟ ಶುರುವಾದಾಗ ನಾಯಕ ನೆಲಕ್ಕಿಳಿಯದೆ ಗಾಳಿಯಲ್ಲೇ ನೇತಾಡುತ್ತಿದ್ದ. ಒಮ್ಮೆ ನೆಗೆಸಿದರೆ ಸರಿಹೋಗುತ್ತಿತ್ತು. ಆಮೇಲೆ ರೀಸೆಟ್ ಒತ್ತಿದರೂ ಆ ತೊಂದರೆ ಮತ್ತೆ ಕಾಣಿಸುತ್ತಿರಲಿಲ್ಲ. ಯಂತ್ರವೇ ಕೆಟ್ಟಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ನಾನು ಆ ಆಟವನ್ನು ಮೆಸೆನ್‌ನಲ್ಲಿ ತೆರೆದೆ. ಮೂಲತಃ ಎನ್‌ಇಎಸ್‌ಗಾಗಿ ಬಂದು, ಈಗ ಎನ್‌ಇಎಸ್‌ನ ನಂತರ ಬಂದ ಎಸ್‌ಎನ್‌ಇಎಸ್, ಗೇಮ್ ಬಾಯ್ ಮೊದಲಾದವನ್ನೂ ಒಳಗೊಂಡಿರುವ ಎಮ್ಯುಲೇಟರ್ ಅದು. ಅದರಲ್ಲಿ ಎರಡು ಆಯ್ಕೆಗಳಿವೆ. ಒಂದು, ಸ್ವಿಚ್ ಹಾಕಿದಾಗ ರ್‍ಯಾಮ್‌ನಲ್ಲಿ ಏನೇನೋ ಅಂಕಿ ತುಂಬಿಸುವುದು. ಇನ್ನೊಂದು, ಇನ್ನೂ ಯಾರೂ ಏನೂ ಬರೆಯದ ಜಾಗದಿಂದ ಪ್ರೋಗ್ರಾಮ್ ಓದಲು ಹೋದ ಕೂಡಲೇ ನಿಲ್ಲಿಸುವುದು. ಎರಡನ್ನೂ ಒತ್ತಿ ಆಟ ಶುರುಮಾಡಿದೆ. ಪರದೆಯಲ್ಲಿ ಮೊದಲ ಹಂತ ಮೂಡುವ ಮುನ್ನವೇ ಡೀಬಗ್ಗರ್ ನಿಂತಿತು, ನಿಂತ ಸಾಲನ್ನು ಬಣ್ಣ ಹಾಕಿ ತೋರಿಸಿತು. ನಾಯಕ ಏಣಿಯ ಮೇಲಿದ್ದಾನೆಯೇ ಇಲ್ಲವೇ ಎಂದು ನೆನಪಿಟ್ಟುಕೊಳ್ಳುವ ಬೈಟ್ ಅದು. ಆಟದ ಆರಂಭದಲ್ಲಿ ಅದನ್ನು ಸೊನ್ನೆ ಮಾಡಿರಲಿಲ್ಲ. ಕಸದಲ್ಲಿ ಸೊನ್ನೆಯಲ್ಲದ ಅಂಕಿ ಇದ್ದ ಯಂತ್ರದಲ್ಲಿ ನಾಯಕ ಇಲ್ಲದ ಏಣಿಯನ್ನು ಹಿಡಿದು ನಿಲ್ಲುತ್ತಿದ್ದ. ನೆಗೆತದ ಕೋಡ್ ಆ ಬೈಟನ್ನು ಸೊನ್ನೆ ಮಾಡುತ್ತಿತ್ತು, ರೀಸೆಟ್ ಒತ್ತಿದರೆ ರ್‍ಯಾಮ್ ಅಳಿಸಿಹೋಗುವುದಿಲ್ಲ, ಅದಕ್ಕೇ ಎರಡನೇ ಸಲ ಎಲ್ಲ ಸರಿಯಾಗಿ ಕಾಣುತ್ತಿತ್ತು. ಕಣ್ಣಿಗೆ ಕಂಡ ವಿಚಿತ್ರ ನಡವಳಿಕೆಯ ಒಂದೊಂದು ಅಂಶಕ್ಕೂ ಕಾರಣ ಆ ಒಂದೇ ಸಾಲಿನಲ್ಲಿ ಸಿಕ್ಕಿತು. ಕೋಡ್ ಎಷ್ಟು ಓದಿದರೂ ಇದು ಅಷ್ಟು ಬೇಗ ಕಾಣುವಂಥದ್ದಲ್ಲ. ಏಕೆಂದರೆ ದೋಷ ಬರೆದ ಸಾಲಿನಲ್ಲಿ ಇರಲಿಲ್ಲ, ಬರೆಯದೆ ಬಿಟ್ಟ ಸಾಲಿನಲ್ಲಿತ್ತು.

ಚಿತ್ರದ ವಿಷಯ ಇನ್ನೂ ಸೂಕ್ಷ್ಮ. ಎನ್‌ಇಎಸ್‌ನಲ್ಲಿ ಪರದೆಗೆ ಚಿತ್ರ ಕಳಿಸುವ ಚಿಪ್ ಬೇರೆ, ಪ್ರೋಗ್ರಾಮ್ ನಡೆಸುವ ಸಿಪಿಯು ಬೇರೆ. ಚಿತ್ರದ ಚಿಪ್ ಗೆರೆ ಗೆರೆಯಾಗಿ ಚಿತ್ರ ಬಿಡಿಸುತ್ತಿರುವಾಗ ಅದರ ಮೆಮೊರಿಯನ್ನು ಮುಟ್ಟುವಂತಿಲ್ಲ. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ನಡುವೆ ಸಣ್ಣ ಬಿಡುವು ಸಿಗುತ್ತದೆ, ಅದಕ್ಕೆ ವಿ-ಬ್ಲ್ಯಾಂಕ್ ಎನ್ನುತ್ತೇವೆ. ನಾಟಕದಲ್ಲಿ ಪರದೆ ಬಿದ್ದಿರುವಷ್ಟರಲ್ಲೇ ರಂಗಸಜ್ಜಿಕೆ ಬದಲಾಗಬೇಕಲ್ಲ, ಹಾಗೆ. 60 ಹರ್ಟ್ಸ್ ಮಾದರಿಯ ಯಂತ್ರದಲ್ಲಿ ಆ ಬಿಡುವು ಸುಮಾರು 2273 ಸಿಪಿಯು ಸೈಕಲ್ (ಸಿಪಿಯು ಗಡಿಯಾರದ ಒಂದು ಮಿಡಿತವೇ ಒಂದು ಸೈಕಲ್). ಅದರಲ್ಲಿ ಸ್ಪ್ರೈಟ್‌ಗಳ (ಪರದೆಯಲ್ಲಿ ಚಲಿಸುವ ಚಿಕ್ಕ ಚಿತ್ರಗಳ) ಪಟ್ಟಿಯನ್ನು ನಕಲು ಮಾಡುವುದಕ್ಕೇ 513 ಅಥವಾ 514 ಸೈಕಲ್ ಹೋಗುತ್ತವೆ. ಉಳಿಯುವುದು ಸುಮಾರು 1760. ಸಾಧಾರಣ ಲೂಪ್ (ಅದೇ ಆದೇಶಗಳನ್ನು ಮತ್ತೆ ಮತ್ತೆ ನಡೆಸುವ ಕೋಡ್) ಬರೆದರೆ ಒಂದು ಬೈಟ್ ಕಳಿಸಲು 15 ಸೈಕಲ್ ಬೇಕು, ಲೂಪ್ ಬಿಡಿಸಿ ಒಂದರ ಕೆಳಗೊಂದು ಸಾಲಾಗಿ ಬರೆದರೆ 8 ಸಾಕು. ಪರದೆ ಪಕ್ಕಕ್ಕೆ ಸರಿಯುವಾಗ ಒಂದು ಕಂಬಸಾಲಿನಲ್ಲಿ 30 ಟೈಲ್ (ಹಿನ್ನೆಲೆ ಕಟ್ಟುವ ಚಿಕ್ಕ ಚೌಕ ಚಿತ್ರಗಳು), ಬಣ್ಣಗಳ ಪಟ್ಟಿಗೆ 32 ಬೈಟ್, ಅಂಕಗಳು, ಜೀವಗಳು, ಒಡೆದ ಇಟ್ಟಿಗೆ, ಎಲ್ಲವೂ ಈ ಲೆಕ್ಕದೊಳಗೇ ಹಿಡಿಸಬೇಕು.

ಬಿಡಿ ಬಿಡಿಯಾಗಿ ನೋಡಿದಾಗ ಎಲ್ಲವೂ ಹಿಡಿಸುತ್ತದೆ. ಪರದೆ ಸರಿಯುತ್ತಿರುವಾಗಲೇ ಇಟ್ಟಿಗೆ ಒಡೆದು, ಅದೇ ಗಳಿಗೆಯಲ್ಲಿ ಅಂಕವೂ ಬದಲಾದರೆ ಲೆಕ್ಕ ಮೀರುತ್ತದೆ. ಮೀರಿದ ಬೈಟ್‌ಗಳು ಎಲ್ಲೆಲ್ಲೋ ಹೋಗಿ ಕೂರುತ್ತವೆ, ಚಿತ್ರ ಒಂದು ಕ್ಷಣ ಹಾರುತ್ತದೆ. ಆಡುವವರು ಇದನ್ನು ಹೀಗೆ ವರದಿ ಮಾಡುತ್ತಾರೆ: "ಒಮ್ಮೊಮ್ಮೆ ಪರದೆ ಜಿಗಿಯುತ್ತದೆ." ಇಂಥ ವರದಿ ಕೈಗೆ ಬಂದಾಗ ಹಿಂದಿನವರು ಏನು ಮಾಡುತ್ತಿದ್ದರೋ ಎಂದು ಯೋಚಿಸುತ್ತೇನೆ. ನಮಗಾದರೋ ಮೆಸೆನ್‌ನಲ್ಲಿ ಈವೆಂಟ್ ವ್ಯೂಯರ್ ಎಂಬ ಕಿಟಕಿ ಇದೆ. ಒಂದು ಚಿತ್ರ ಮೂಡುವ ಅವಧಿ ಪೂರ್ತಿ ಅದರಲ್ಲಿ ನಕ್ಷೆಯಾಗಿ ಹರಡಿಕೊಳ್ಳುತ್ತದೆ: ಮೇಲಿಂದ ಕೆಳಕ್ಕೆ 262 ಗೆರೆ, ಎಡದಿಂದ ಬಲಕ್ಕೆ 341 ಬಿಂದು. ಪ್ರೋಗ್ರಾಮ್ ಚಿತ್ರದ ಚಿಪ್ಪಿನ ಯಾವ ರಿಜಿಸ್ಟರನ್ನು (ಚಿಪ್ಪಿನೊಳಗಿನ ಪುಟ್ಟ ಮಾಹಿತಿ ಕೋಶವನ್ನು) ಯಾವ ಗಳಿಗೆಯಲ್ಲಿ ಮುಟ್ಟಿತು ಎಂಬುದು ಬಣ್ಣದ ಚುಕ್ಕೆಯಾಗಿ ಅಲ್ಲಿ ಕಾಣುತ್ತದೆ. ಚುಕ್ಕೆಗಳೆಲ್ಲ ವಿ-ಬ್ಲ್ಯಾಂಕ್ ಪಟ್ಟಿಯೊಳಗಿದ್ದರೆ ಕ್ಷೇಮ. ಚಿತ್ರದ ಭಾಗದೊಳಕ್ಕೆ ನಾಲ್ಕಾರು ಚುಕ್ಕೆ ಚೆಲ್ಲಿದ್ದರೆ ಅವುಗಳ ಮೇಲೆ ಮೌಸ್ ಇಟ್ಟು ನೋಡಿದರೆ ಸಾಕು, ಯಾವ ಸಾಲಿನ ಕೋಡ್ ಎಂದು ಗೊತ್ತಾಗುತ್ತದೆ. ಕಾಲವನ್ನು ಹೀಗೆ ಜಾಗವಾಗಿ ಹರಡಿ ತೋರಿಸುವ ಈ ಕಿಟಕಿಯನ್ನು ನಾನು ಈ ಕ್ಷೇತ್ರದ ಅತ್ಯಂತ ದೊಡ್ಡ ಕೊಡುಗೆ ಎಂದು ಭಾವಿಸುತ್ತೇನೆ. ನನ್ನ ವೃತ್ತಿಯಲ್ಲಿ ಬಳಸುವ ದುಬಾರಿ ಸಲಕರಣೆಗಳಲ್ಲೂ ಇಷ್ಟು ಸ್ಪಷ್ಟವಾದ ನೋಟ ಅಪರೂಪ.

ಎಮ್ಯುಲೇಟರ್ ಸಡಿಲವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲೇ ಉದಾಹರಣೆ ಇದೆ. 1997ರಲ್ಲಿ ಬಂದ ಝಡ್‌ಎಸ್‌ಎನ್‌ಇಎಸ್ ಎಂಬ ಎಸ್‌ಎನ್‌ಇಎಸ್ ಎಮ್ಯುಲೇಟರ್ ಆ ಕಾಲದ ನಿಧಾನದ ಕಂಪ್ಯೂಟರ್‌ಗಳಲ್ಲೂ ವೇಗವಾಗಿ ಓಡುತ್ತಿತ್ತು. ಆಡುವವರಿಗೆ ಅದು ವರವೇ ಆಗಿತ್ತು. ಆದರೆ ಚಿತ್ರ ಬಿಡಿಸುತ್ತಿರುವಾಗ ವಿಡಿಯೋ ಮೆಮೊರಿಗೆ ಬರೆಯಬಾರದು ಎಂಬ ನಿಯಮವನ್ನು ಅದು ಪಾಲಿಸುತ್ತಿರಲಿಲ್ಲ. ಅದರಲ್ಲೇ ಪರೀಕ್ಷಿಸಿ ಅಭಿಮಾನಿಗಳು ಮಾಡಿದ ಎಷ್ಟೋ ಮಾರ್ಪಾಡುಗಳು, ಭಾಷಾಂತರಗಳು ನಿಜವಾದ ಎಸ್‌ಎನ್‌ಇಎಸ್ ಮೇಲೆ ಹಾಕಿದಾಗ ಅಕ್ಷರ ಕಾಣಿಸದೆ, ಚಿತ್ರ ಚೆದುರಿ ಕೆಟ್ಟವು. ಮುಂದೆ ಬಿಎಸ್‌ಎನ್‌ಇಎಸ್‌ನಂಥ ಕಟ್ಟುನಿಟ್ಟಿನ ಎಮ್ಯುಲೇಟರ್‌ಗಳು ಬಂದಾಗ ಅದೇ ದೋಷಗಳು ಕಂಪ್ಯೂಟರ್‌ನಲ್ಲೂ ಕಾಣಿಸಿಕೊಂಡವು. ಬರೆದವರ ಶ್ರಮ ಸಣ್ಣದಲ್ಲ. ಆ ಕಾಲದಲ್ಲಿ ಅವರ ಕೈಗೆ ಸಿಕ್ಕ ಸಲಕರಣೆ ಅವರಿಗೆ ತಪ್ಪನ್ನು ತೋರಿಸಲಿಲ್ಲ, ಅಷ್ಟೆ. ಲೇಖನದ ಆ ವಾಕ್ಯ ನನ್ನನ್ನು ಇಷ್ಟು ಕಾಡಿದ್ದು ಇದೇ ಕಾರಣಕ್ಕೆ. ಆಗ ಬೇರೆ ದಾರಿ ಇರಲಿಲ್ಲ. ಈಗ ಇದೆ, ಉಚಿತವಾಗಿಯೇ ಇದೆ, ಹೊಸಬರಿಗೆ ಅದು ಇದೆ ಎಂದು ಹೇಳುವವರು ಮಾತ್ರ ಕಡಿಮೆ.

1989ರ ಗೇಮ್ ಬಾಯ್‌ಗೂ ಇದೇ ಬಗೆಯ ಕಟ್ಟುಪಾಡುಗಳಿವೆ. ಪ್ರತಿ ಗೆರೆ ಬಿಡಿಸುವಾಗ ಸ್ವಲ್ಪ ಹೊತ್ತು ವಿಡಿಯೋ ಮೆಮೊರಿಯ ಬಾಗಿಲು ಮುಚ್ಚಿರುತ್ತದೆ. ಆಗ ಬರೆದರೆ ಬರೆದದ್ದು ಕಳೆದುಹೋಗುತ್ತದೆ, ಯಂತ್ರ ದೂರುವುದಿಲ್ಲ. ಬಿಜಿಬಿ ಎಂಬ ಎಮ್ಯುಲೇಟರ್‌ನ ಡೀಬಗ್ಗರ್‌ಗೆ ಮೊದಲೇ ಹೇಳಿಟ್ಟರೆ ಇಂಥ ಬರಹ ನಡೆದ ತಕ್ಷಣ ನಿಲ್ಲಿಸಿ ತೋರಿಸುತ್ತದೆ. ಗೇಮ್ ಬಾಯ್ ಬರೆಯುವವರ ನಡುವೆ ಇನ್ನೊಂದು ಚೆಂದದ ಪದ್ಧತಿ ಬೆಳೆದಿದೆ. ಬಿ ಎಂಬ ರಿಜಿಸ್ಟರನ್ನು ಬಿ ಗೇ ನಕಲು ಮಾಡು ಎಂಬ ಆದೇಶ ಆ ಸಿಪಿಯುನಲ್ಲಿದೆ, ಹದಿನಾರರ ಎಣಿಕೆಯಾದ ಹೆಕ್ಸಾಡೆಸಿಮಲ್‌ನಲ್ಲಿ ಅದರ ಸಂಖ್ಯೆ 40. ಅದರಿಂದ ಯಂತ್ರದಲ್ಲಿ ಏನೂ ಬದಲಾಗುವುದಿಲ್ಲ. ಹಾಗಾಗಿ ಅದನ್ನೇ ಬ್ರೇಕ್‌ಪಾಯಿಂಟ್ ಗುರುತಾಗಿ ಇಟ್ಟುಕೊಂಡಿದ್ದಾರೆ: ಕೋಡಿನ ನಡುವೆ ಅದನ್ನು ಬರೆದರೆ ಡೀಬಗ್ಗರ್ ಅಲ್ಲಿ ನಿಲ್ಲುತ್ತದೆ, ನಿಜವಾದ ಗೇಮ್ ಬಾಯ್ ಮಾತ್ರ ಏನೂ ಆಗದಂತೆ ಮುಂದೆ ಹೋಗುತ್ತದೆ. ಯಾವ ಕಂಪನಿಯೂ ವಿಧಿಸದೆ, ಬಳಸುವವರೇ ಒಪ್ಪಿಕೊಂಡು ನಡೆಸಿಕೊಂಡು ಬಂದ ಏರ್ಪಾಡು ಇದು.

ಆಮೇಲಿನ ಯಂತ್ರಗಳ ಕಥೆ ಬೇರೆ ರೀತಿಯದು, ಅಲ್ಲಿ ಸಿ ಭಾಷೆಯಲ್ಲಿ ಬರೆಯುವವರೇ ಹೆಚ್ಚು. 2001ರ ಗೇಮ್ ಬಾಯ್ ಅಡ್ವಾನ್ಸ್‌ಗೆ ಎಂಜಿಬಿಎ ಎಮ್ಯುಲೇಟರ್ ಇದೆ. ಅದರೊಳಗೆ ಜಿಡಿಬಿ ಎಂಬ ಡೀಬಗ್ಗರ್‌ಗೆ ಬೇಕಾದ ಸಂಪರ್ಕ ಇರುವುದರಿಂದ ಸಿ ಕೋಡನ್ನು ಸಾಲು ಸಾಲಾಗಿ ನಡೆಸಿ ನೋಡಬಹುದು. ಆ ಯಂತ್ರದ ವಿಡಿಯೋ ಮೆಮೊರಿಗೆ ಒಂದೇ ಬೈಟ್ ಬರೆಯಹೊರಟರೆ ಪಕ್ಕದ ಬೈಟಿಗೂ ಅದೇ ಬೆಲೆ ಬೀಳುತ್ತದೆ. ಸಿ ಕೋಡ್ ನೋಡಿದರೆ ತಪ್ಪೇ ಕಾಣುವುದಿಲ್ಲ, ಮೆಮೊರಿ ಕಿಟಕಿ ತೆರೆದು ಒಂದು ಹೆಜ್ಜೆ ಮುಂದಿಟ್ಟರೆ ಕಣ್ಣೆದುರೇ ಎರಡು ಜಾಗ ಬದಲಾಗುತ್ತವೆ. ಸೋನಿಯ ಪ್ಲೇಸ್ಟೇಷನ್‌ಗೆ ಪಿಸಿಎಸ್‌ಎಕ್ಸ್-ರಿಡಕ್ಸ್ ಎಂಬ ಎಮ್ಯುಲೇಟರ್ ಇದೆ. ನಿಂಟೆಂಡೊ 64ರಲ್ಲಿ ಸಿಪಿಯುನ ಕ್ಯಾಷ್ ಮೆಮೊರಿಯಲ್ಲಿ (ಸಿಪಿಯು ಹತ್ತಿರದಲ್ಲೇ ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿಯಲ್ಲಿ) ಉಳಿದದ್ದನ್ನು ಮುಖ್ಯ ಮೆಮೊರಿಗೆ ಬರೆಸದೆ ಡಿಎಂಎ (ಸಿಪಿಯು ಕೈಹಾಕದೆ ಮಾಹಿತಿ ಸಾಗಿಸುವ ಏರ್ಪಾಡು) ಶುರುಮಾಡಿದರೆ ಹಳೆಯ ಮಾಹಿತಿಯೇ ಹೋಗುತ್ತದೆ, ಕ್ಯಾಷ್ ಅನುಕರಿಸದ ಎಮ್ಯುಲೇಟರ್‌ನಲ್ಲಿ ಈ ದೋಷ ಎಂದೂ ಕಾಣುವುದಿಲ್ಲ. ಇವುಗಳಲ್ಲಿ ನನ್ನ ಅನುಭವ ಕಡಿಮೆ, ಹೆಚ್ಚು ಬಲ್ಲವರು ತಮಗೆ ಬರೆಯಲಿ.

ಹಿಂದೆ ಈ ಯಂತ್ರಗಳಿಗೆ ವೃತ್ತಿಯಾಗಿ ಆಟ ಬರೆದವರಿಗೂ ಡೀಬಗ್ಗರ್ ಇರಲಿಲ್ಲ ಎಂದಲ್ಲ. ಕನ್ಸೋಲ್‌ನಿಂದ ಕಂಪ್ಯೂಟರ್‌ಗೆ ತಂತಿ ಜೋಡಿಸಿ ಒಳಗನ್ನು ನೋಡುವ ಸೈ-ಕ್ಯೂ ಎಂಬ ಸಲಕರಣೆಯನ್ನು ಎಸ್‌ಎನ್ ಸಿಸ್ಟಮ್ಸ್ ಎಂಬ ಬ್ರಿಟಿಷ್ ಕಂಪನಿ ತಂದಿತ್ತು. ಆ ಕಂಪನಿಯನ್ನು ಸೋನಿ 2005ರಲ್ಲಿ ಕೊಂಡಿತು. ಅಂಥವು ಸ್ಟುಡಿಯೋಗಳ ಸೊತ್ತಾಗಿದ್ದವು. ಹವ್ಯಾಸಿಗಳಿಗೆಂದೇ ಸೋನಿ ನೆಟ್ ಯಾರೋಜೆ ಎಂಬ ಕಪ್ಪು ಬಣ್ಣದ ಪ್ಲೇಸ್ಟೇಷನ್ ಮಾರಿದ್ದುಂಟು, ಅದನ್ನು ಕೊಂಡವರು ಸೀರಿಯಲ್ ತಂತಿಯ ಮೂಲಕ ತಮ್ಮ ಪ್ರೋಗ್ರಾಮ್ ಕಳಿಸಿ ಪರೀಕ್ಷಿಸುತ್ತಿದ್ದರು. ಆದರೆ ಯಂತ್ರವನ್ನು ಹೊರಗಿನಿಂದ ಯಾವ ಗಳಿಗೆಯಲ್ಲಾದರೂ ನಿಲ್ಲಿಸಿ, ಪ್ರತಿ ಸೈಕಲ್‌ನ ದಾಖಲೆ ಇಟ್ಟು, ಬೇಕೆಂದರೆ ಒಂದು ಹೆಜ್ಜೆ ಹಿಂದಕ್ಕೂ ಹೋಗುವುದು ಎಮ್ಯುಲೇಟರ್‌ಗಳಿಂದಲೇ ಎಲ್ಲರ ಕೈಗೆ ಬಂದದ್ದು. ಇದರ ಬೆಲೆ ನನ್ನಂಥ ವೃತ್ತಿಯವರಿಗೆ ಚೆನ್ನಾಗಿ ಗೊತ್ತು. ನಿಜವಾದ ಯಂತ್ರದಲ್ಲಿ ಏನಾಗುತ್ತಿದೆ ಎಂದು ನೋಡಲು ನಾಲ್ಕು ಸಾಲು ಕೋಡ್ ಸೇರಿಸಿದರೆ ಅದಕ್ಕೂ ಸಮಯ ಹಿಡಿಯುತ್ತದೆ, ಸಮಯ ಬದಲಾದರೆ ಹುಡುಕುತ್ತಿದ್ದ ದೋಷವೇ ಮರೆಯಾಗಬಹುದು. ಎಮ್ಯುಲೇಟರ್‌ನ ಡೀಬಗ್ಗರ್ ನೋಡುತ್ತಿದೆ ಎಂಬುದು ಆಟದ ಕೋಡ್‌ಗೆ ತಿಳಿಯುವುದೇ ಇಲ್ಲ.

ಹೀಗೆಂದ ಮಾತ್ರಕ್ಕೆ ಕನ್ಸೋಲನ್ನು ಕಪಾಟಿನಲ್ಲಿಟ್ಟು ಮರೆಯಬಹುದು ಎಂದು ನಾನು ಹೇಳುತ್ತಿಲ್ಲ. ಎನ್‌ಇಎಸ್‌ನಲ್ಲಿ ಧ್ವನಿಯ ತುಣುಕು ನುಡಿಸುವ ಭಾಗ ಮೆಮೊರಿಯಿಂದ ಬೈಟ್ ಎಳೆದುಕೊಳ್ಳುವ ಗಳಿಗೆಯೂ ಪ್ರೋಗ್ರಾಮ್ ಕಂಟ್ರೋಲರ್ ಓದುವ ಗಳಿಗೆಯೂ ಒಂದೇ ಆದರೆ, 60 ಹರ್ಟ್ಸ್ ಯಂತ್ರದಲ್ಲಿ ಒಂದು ಗುಂಡಿಯ ಮಾಹಿತಿ ತಪ್ಪಿಹೋಗುತ್ತದೆ. ಉಳಿದವು ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ. ಎಂಟು ಗುಂಡಿಗಳಲ್ಲಿ ಕೊನೆಯದು ಬಲಬಾಣ, ಎಂಟು ಮುಗಿದ ಮೇಲೆ ಕಂಟ್ರೋಲರ್ ಒಂದು ಎಂಬ ಬೆಲೆಯನ್ನೇ ಕೊಡುತ್ತದೆ. ಹಾಗಾಗಿ ಯಾರೂ ಒತ್ತದ ಬಲಬಾಣ ಒತ್ತಿದಂತಾಗುತ್ತದೆ. ಡ್ರಮ್ ಬಾರಿಸಿದಾಗ ನಾಯಕ ತಾನಾಗಿ ಬಲಕ್ಕೆ ಜಗ್ಗಿದರೆ ಕಾರಣ ಇದೇ ಇರಬಹುದು. ಎರಡು ಸಲ ಒಂದೇ ಉತ್ತರ ಬರುವ ತನಕ ಓದುವುದು ಪರಿಹಾರ. ಒಳ್ಳೆಯ ಎಮ್ಯುಲೇಟರ್‌ಗಳು ಇದನ್ನೂ ಅನುಕರಿಸುತ್ತವೆ, ಎಲ್ಲವೂ ಅಲ್ಲ. ಆದ್ದರಿಂದ ಕೊನೆಯ ಪರೀಕ್ಷೆ ಫ್ಲ್ಯಾಷ್ ಕಾರ್ಟ್ರಿಜ್‌ನಲ್ಲಿ (ಮತ್ತೆ ಮತ್ತೆ ಬರೆಯಬಹುದಾದ ಕಾರ್ಟ್ರಿಜ್‌ನಲ್ಲಿ) ಹಾಕಿ ಯಂತ್ರದ ಮೇಲೆಯೇ ನಡೆಯಬೇಕು. ಅಲ್ಲಿ ಡೀಬಗ್ಗರ್ ಇಲ್ಲದಿದ್ದರೂ ಹಳೆಯ ಉಪಾಯವೊಂದಿದೆ: ಆಟದ ಲೆಕ್ಕಾಚಾರ ಶುರುವಾಗುವಾಗ ಪರದೆಯ ಬಣ್ಣಕ್ಕೆ ಛಾಯೆ ಕೊಡುವ ಬಿಟ್ ಹಾಕುವುದು, ಮುಗಿದಾಗ ತೆಗೆಯುವುದು. ಪರದೆಯ ಮೇಲೆ ಬಣ್ಣದ ಪಟ್ಟಿ ಮೂಡುತ್ತದೆ. ಒಂದು ಗೆರೆ ಎಂದರೆ ಸುಮಾರು 114 ಸೈಕಲ್, ಪಟ್ಟಿ ಎಷ್ಟು ಎತ್ತರವಿದೆಯೋ ಅಷ್ಟು ಕೆಲಸ. ಶತ್ರುಗಳು ಹೆಚ್ಚಿದಂತೆ ಪಟ್ಟಿ ಕೆಳಕ್ಕೆ ಬೆಳೆಯುವುದನ್ನು ಆಡುತ್ತಾ ಆಡುತ್ತಾ ನೋಡಬಹುದು.

ಪ್ರೋಗ್ರಾಮಿಂಗ್ ಕಲಿಯುವ ವಿದ್ಯಾರ್ಥಿಗಳ ದೃಷ್ಟಿಯಿಂದಲೂ ಒಂದು ಮಾತು. ಇಂದಿನ ಕಂಪ್ಯೂಟರ್‌ನಲ್ಲಿ ಡೀಬಗ್ಗರ್ ತೆರೆದರೆ ನಮ್ಮ ನಾಲ್ಕು ಸಾಲಿನ ಸುತ್ತ ಬೇರೆಯವರ ಲಕ್ಷಾಂತರ ಸಾಲು ಇರುತ್ತವೆ. 1977ರ ಅಟಾರಿ 2600ರಲ್ಲಿ ಇರುವುದು 128 ಬೈಟ್ ರ್‍ಯಾಮ್. ಸ್ಟೆಲ್ಲಾ ಎಂಬ ಎಮ್ಯುಲೇಟರ್‌ನ ಡೀಬಗ್ಗರ್‌ನಲ್ಲಿ ಆ 128 ಬೈಟ್‌ಗಳೂ ಒಂದೇ ಕೋಷ್ಟಕದಲ್ಲಿ ಕಾಣುತ್ತವೆ, ಪಕ್ಕದಲ್ಲಿ ಸಿಪಿಯುನ ರಿಜಿಸ್ಟರ್‌ಗಳು, ಟಿವಿಯ ಗೆರೆ ಎಲ್ಲಿಗೆ ಬಂದಿದೆ ಎಂಬ ಸಂಖ್ಯೆ. ಒಂದು ಆದೇಶ ನಡೆಸಿ, ಏನು ಬದಲಾಯಿತು ನೋಡಿ. ಮೆಮೊರಿ ಎಂದರೇನು, ಸ್ಟ್ಯಾಕ್ ಎಂದರೇನು ಎಂದು ಹಲಗೆಯ ಮೇಲೆ ಬರೆದು ವಿವರಿಸುವುದಕ್ಕಿಂತ ಇದು ಬೇಗ ಮನಸ್ಸಿಗೆ ಹಿಡಿಯುತ್ತದೆ. ನನ್ನ ಬಳಿ ಕಲಿಯಲು ಬಂದವರಿಗೆ ಕೋಡ್ ಬರೆಯಿಸುವ ಮುಂಚೆ ಡೀಬಗ್ಗರ್‌ನಲ್ಲಿ ಇನ್ನೊಬ್ಬರ ಆಟವನ್ನು ನಿಧಾನಕ್ಕೆ ಓಡಿಸಿ ನೋಡಲು ಹೇಳುತ್ತೇನೆ. ಅಸೆಂಬ್ಲಿ ಕೋಡನ್ನು ಯಂತ್ರದ ಆದೇಶಗಳಾಗಿ ಮಾರ್ಪಡಿಸುವ ಸಿಎ65 ಅಸೆಂಬ್ಲರ್ ಬಳಸುವವರು ಲಿಂಕ್ ಮಾಡುವಾಗ (ತುಣುಕುಗಳನ್ನು ಜೋಡಿಸಿ ಒಂದೇ ಪ್ರೋಗ್ರಾಮ್ ಮಾಡುವಾಗ) ಡೀಬಗ್ ಫೈಲ್ ಕೂಡ ತಯಾರಿಸಿ ಮೆಸೆನ್‌ಗೆ ಕೊಟ್ಟರೆ ಬರಿಯ ವಿಳಾಸಗಳ ಬದಲು ತಾವಿಟ್ಟ ಹೆಸರುಗಳೇ, ತಾವು ಬರೆದ ಸಾಲುಗಳೇ ಕಾಣುತ್ತವೆ. ಇದನ್ನು ಮೊದಲ ದಿನವೇ ಮಾಡಿಕೊಳ್ಳಬೇಕು.

ಈ ಸಲಕರಣೆಗಳನ್ನು ಕಟ್ಟಿದವರಲ್ಲಿ ಹೆಚ್ಚಿನವರು ಬಿಡುವಿನ ವೇಳೆ ದುಡಿದವರು. ಕಂಪನಿಗಳು ಹೊರಗೆಡಹದ ವಿವರಗಳನ್ನು ಅವರು ಅಳೆದು ಅಳೆದು ಕಂಡುಕೊಂಡರು. ಸಣ್ಣ ಸಣ್ಣ ಪರೀಕ್ಷಾ ಪ್ರೋಗ್ರಾಮ್ ಬರೆದು ನಿಜವಾದ ಯಂತ್ರದ ಉತ್ತರ, ಎಮ್ಯುಲೇಟರ್‌ನ ಉತ್ತರ ಹೋಲಿಸಿದರು. ಬ್ಲಾರ್ಗ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದ ಪರೀಕ್ಷೆಗಳನ್ನು ಎನ್‌ಇಎಸ್ ಎಮ್ಯುಲೇಟರ್ ಬರೆಯುವವರು ಇಂದಿಗೂ ಬಳಸುತ್ತಾರೆ. 2010ರಲ್ಲಿ ವಿಷುಯಲ್ 6502 ಎಂಬ ಯೋಜನೆಯವರು 6502 ಎಂಬ ಹಳೆಯ ಸಿಪಿಯು ಚಿಪ್ಪಿನ ಹೊದಿಕೆ ತೆಗೆದು, ಫೋಟೋ ಹಿಡಿದು, ಒಂದೊಂದು ಟ್ರಾನ್ಸಿಸ್ಟರನ್ನೂ ಗುರುತಿಸಿ ಕಂಪ್ಯೂಟರ್‌ನಲ್ಲಿ ಓಡಿಸಿ ತೋರಿಸಿದರು. ಎನ್‌ಇಎಸ್‌ನ ಸಿಪಿಯು ಒಳಗಿರುವುದೂ 6502ರ ರೂಪವೇ. ಪುರವಣಿಯಲ್ಲಿ ಇವರ ಕೆಲಸಕ್ಕೂ ಒಂದು ಪುಟ ಸಿಗಬೇಕು ಎಂದು ಕೇಳಿಕೊಳ್ಳುತ್ತೇನೆ.

ಈಗಾಗಲೇ ಆಟ ಬರೆಯುತ್ತಿರುವ ಓದುಗರಲ್ಲಿ ಕೊನೆಯದಾಗಿ ಒಂದು ವಿನಂತಿ. ಎಮ್ಯುಲೇಟರ್‌ನಲ್ಲಿ ಒಂದು ಬಗೆ, ಯಂತ್ರದಲ್ಲಿ ಇನ್ನೊಂದು ಬಗೆ ಕಂಡಾಗ ನಿಮ್ಮ ಕೋಡನ್ನು ಸುತ್ತಿ ಬಳಸಿ ತಿದ್ದಿಕೊಂಡು ಸುಮ್ಮನಾಗಬೇಡಿ. ಆ ವ್ಯತ್ಯಾಸ ಮಾತ್ರ ಕಾಣುವಷ್ಟು ಚಿಕ್ಕ ಪ್ರೋಗ್ರಾಮ್ ಮಾಡಿ, ಯಂತ್ರದ ಮಾದರಿ ಸಂಖ್ಯೆ, ಯಾವ ಕಾರ್ಟ್ರಿಜ್, ಪರದೆಯಲ್ಲಿ ಕಂಡದ್ದರ ಫೋಟೋ, ಎಮ್ಯುಲೇಟರ್‌ನ ಆವೃತ್ತಿ, ಇಷ್ಟನ್ನೂ ಸೇರಿಸಿ ಆ ಎಮ್ಯುಲೇಟರ್ ಬರೆದವರಿಗೆ ಕಳಿಸಿ. ಇಡೀ ಆಟ ಕಳಿಸಿ ಮೂರನೇ ಹಂತದಲ್ಲಿ ಏನೋ ಆಗುತ್ತದೆ ಎಂದರೆ ಅವರಿಗೆ ಹುಡುಕುವುದು ಕಷ್ಟ, ನಲವತ್ತು ಸಾಲಿನ ಪ್ರೋಗ್ರಾಮ್ ಕೊಟ್ಟರೆ ಕಾರಣ ಬೇಗ ಸಿಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹಳೆಯ ಕನ್ಸೋಲ್‌ಗಳಿಗೆ ಆಟ ಬರೆಯುವ ಒಬ್ಬ ಪ್ರೋಗ್ರಾಮರ್